ಪಾಠ ಬಿಟ್ಟು ಮದುವೆ ಕೇಳಿದ ಸಂದರ್ಶನ

ಕೇಳಿ ಗೆಳೆಯರೇ, ಇವತ್ತು ಕೊಪ್ಪದ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಶಿಕ್ಷಕಿಯ ಕೆಲಸಕ್ಕೆ ಸಂದರ್ಶನ ಕೊಟ್ಟು ಬಂದೆ. ವಾರವಿಡೀ ಕನ್ನಡಿಯ ಮುಂದೆ ನಿಂತು, ಎಲೆ ಆಹಾರ ತಯಾರಿಸುವ ಪಾಠವನ್ನು ಅಭ್ಯಾಸ ಮಾಡಿದ್ದೆ. ತೋರಿಸಲಿಕ್ಕೆಂದು ದಾಸವಾಳದ ಎಲೆಗಳನ್ನೂ ಒಯ್ದಿದ್ದೆ.

ಶಾಲೆಯ ಕಾರ್ಯದರ್ಶಿಗಳು ಚಹಾ ಕುಡಿಯುತ್ತಾ ಕೇಳಿದ ಮೊದಲ ಪ್ರಶ್ನೆ, "ಮದುವೆ ಯಾವಾಗ?"

"ಇನ್ನೂ ಯೋಚನೆ ಮಾಡಿಲ್ಲ ಸರ್. ಪಾಠ ಮಾಡಿ ತೋರಿಸ್ಲಾ?"

"ಪಾಠ ಇರ್ಲಿ ಮಾರಾಯ್ತಿ. ವರ್ಷದ ಮಧ್ಯ ನೀನು ಮದುವೆ ಆಗಿ ಹೋದ್ರೆ ಮಕ್ಕಳ ಗತಿ ಎಂತ? ಹೋದ ವರ್ಷ ಹಂಗೇ ಆಯ್ತು. ಪರೀಕ್ಷೆ ಹತ್ರ ಬಂದಾಗ ಸೈನ್ಸಿನವ್ರು ಬಿಟ್ಟು ಹೋದ್ರು."

ನನಗೆ ಈ ಕೆಲಸ ಬೇಕೇ ಬೇಕಿತ್ತು. ಸುಮ್ಮನಿದ್ದಿದ್ದರೆ ಸಿಗುತ್ತಿತ್ತೇನೋ. ಆದರೆ ಬಾಯಿ ಕೇಳಬೇಕಲ್ಲ.

"ಅವರಿಗೆ ಮದುವೆ ಆಯ್ತಾ ಸರ್?"

ಕಾರ್ಯದರ್ಶಿಗಳು ಪಕ್ಕದಲ್ಲಿದ್ದ ಮುಖ್ಯೋಪಾಧ್ಯಾಯಿನಿಯ ಮುಖ ನೋಡಿದರು. ಆಕೆ ನಗು ತಡೆದುಕೊಂಡು ಹೇಳಿದರು, "ಆ ಮೇಷ್ಟ್ರಿಗೆ ಆಗ್ಲೇ ಇಬ್ರು ಮಕ್ಳಿದ್ರು. ಶೃಂಗೇರಿಯಲ್ಲಿ ಬೇರೆ ಶಾಲೆ ಸಿಕ್ತು ಅಂತ ಹೋದ್ರು."

ಕಾರ್ಯದರ್ಶಿಗಳು ಲೋಟ ಕೆಳಗಿಟ್ಟು, "ಆಯ್ತು, ಫೋನ್ ಮಾಡ್ತೀವಿ" ಎಂದರು.

ಕೆಲಸ ಕೊಡಲಿಕ್ಕೋ, ಜಾತಕ ಕೇಳಲಿಕ್ಕೋ, ಅದನ್ನು ಮಾತ್ರ ಹೇಳಲಿಲ್ಲ.