ಇಡಿಯಾಗಿ ಕಂಡ ಬಟ್ಟೆ

ಬಟ್ಟೆ ಗಿರಣಿಯ ತಪಾಸಣೆ ವಿಭಾಗದಲ್ಲಿ ಆಕೆಯನ್ನು ಎಲ್ಲರೂ ‘ಹದ್ದಿನಕಣ್ಣಮ್ಮ’ ಎಂದೇ ಕರೆಯುತ್ತಿದ್ದರು. ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜು, ಅದರ ಮೇಲೆ ನಿಧಾನವಾಗಿ ಸರಿಯುವ ಬಟ್ಟೆ. ಬಲಗಣ್ಣು ಮುಚ್ಚಿ, ಎಡಗಣ್ಣನ್ನು ನಡುವಿನ ಒಂದೇ ಎಳೆಗೆ ನೆಟ್ಟು ಕೂರುವುದು ಆಕೆಯ ಪದ್ಧತಿ. ಎರಡೂ ತೆರೆದರೆ ಗಮನ ಚದುರುತ್ತದಂತೆ. ಇಪ್ಪತ್ತೆರಡು ವರ್ಷಗಳಲ್ಲಿ ಆಕೆ ಪಾಸು ಮಾಡಿದ ಒಂದು ಥಾನು ಬಟ್ಟೆಯೂ ವಾಪಸು ಬಂದಿರಲಿಲ್ಲ.

ಆ ಸೋಮವಾರ ಒಂದು ಬಂತು.

“ಬೆರಳು ತೂರೋ ಅಷ್ಟು ತೂತು, ನೋಡಿ,” ಎಂದು ಮೇಸ್ತ್ರಿ ಅದನ್ನು ಮೇಜಿನ ಮೇಲೆ ಹರಡಿದರು.

ಆಕೆ ಎಂದಿನಂತೆ ಬಲಗಣ್ಣು ಮುಚ್ಚಿದರು. ನೀಲಿ ಚೌಕಳಿ ಬಟ್ಟೆ, ಚೌಕಕ್ಕೆ ಚೌಕ ಕೂಡಿ ಇಡಿಯಾಗಿತ್ತು.

“ಬೆಳಗ್ಗೆ ಬೆಳಗ್ಗೆನೇ ನನ್ನ ಕಾಲೆಳೀಬೇಡಿ ಮೇಸ್ತ್ರಿಗಳೇ.”

“ಮುಟ್ಟಿ ನೋಡಿ.”

ದೃಷ್ಟಿ ಕದಲಿಸದೆ ಮುಟ್ಟಿದರು. ಬೆರಳು ಒಳಗಿಳಿಯಿತು. ತುದಿಗೆ ಗಾಜಿನ ಬಿಸಿ ತಾಗಿತು. ಕಣ್ಣಿಗೆ ಮಾತ್ರ ತೂತೂ ಇಲ್ಲ, ಉಗುರೂ ಇಲ್ಲ. ಬೆರಳು ಮುಗಿದಲ್ಲಿಂದ ಚೌಕಳಿ ಮುಂದುವರಿದಿತ್ತು.

ಬಲಗಣ್ಣು ತೆರೆದರು. ತೂತು ಬಾಯಿ ಬಿಟ್ಟಿತು.

ಎಡಗಣ್ಣಿನ ಅಕ್ಷಿಪಟಲದಲ್ಲಿ ಚುಕ್ಕೆಯಷ್ಟು ಜಾಗ ಯಾವಾಗಲೋ ಸತ್ತಿತ್ತು. ಸತ್ತ ಜಾಗ ಕಪ್ಪಗೆ ಕಾಣಲೇಬೇಕೆಂದಿಲ್ಲ. ಸುತ್ತಲಿನದನ್ನು ನೋಡಿಕೊಂಡು, ಯಾರನ್ನೂ ಕೇಳದೆ, ಮಿದುಳೇ ಅಲ್ಲಿ ನೇಯ್ದುಬಿಡುತ್ತದೆ. ಇದು ಆಮೇಲೆ ಕಣ್ಣಿನ ಡಾಕ್ಟರು ಹೇಳಿದ ಮಾತು. ಅಂದು ಆಕೆ ಬಲಗಣ್ಣು ಮುಚ್ಚಿ, ತೆರೆದು, ಮತ್ತೆ ಮುಚ್ಚಿ ನೋಡಿದರಷ್ಟೇ.

ಮೇಸ್ತ್ರಿ ದನಿ ತಗ್ಗಿಸಿದರು. “ನಿಮಗಿನ್ನು ಒಂದೇ ವರ್ಷ ಸರ್ವಿಸು. ಪ್ಯಾಕಿಂಗ್‌ನವರು ಹರಿದಿದಾರೆ ಅಂತ ಬರೀತೀನಿ. ಸುಮ್ನಿದ್ದುಬಿಡಿ.”

ಮಧ್ಯಾಹ್ನ, ಊಟದ ಕೋಣೆಯ ಆ ತುದಿಯಲ್ಲಿ ತಂಗಿ ಕೂತಿದ್ದಳು. ಅವಳದೂ ಪ್ಯಾಕಿಂಗ್ ಕೆಲಸವೇ. ಅವಳ ಹಿಂದೆ ಗೆರೆಗೆರೆಯ ಪರದೆ. ಆಕೆ ಬಲಗಣ್ಣು ಮುಚ್ಚಿ, ತಂಗಿಯ ತಲೆಯ ಪಕ್ಕದ ಗೆರೆಗಳ ಮೇಲೆ ಒಂದೊಂದಾಗಿ ದೃಷ್ಟಿ ನಿಲ್ಲಿಸುತ್ತ ಬಂದರು. ನಾಲ್ಕನೆಯ ಗೆರೆಗೆ ಬಂದಾಗ ತಂಗಿಯ ಮುಖ ಮಾಯವಾಯಿತು. ಕತ್ತಿನಿಂದ ಗೆರೆಗಳು ಸೀದಾ ಮೇಲೇರಿದ್ದವು.

“ಏನಕ್ಕಾ, ದೆವ್ವ ಕಂಡೋರ ಹಾಗೆ ನೋಡ್ತೀಯ? ನನ್ನನ್ನೇ ತಿಂತೀಯೋ, ಊಟ ಮಾಡ್ತೀಯೋ?” ಎಂದಿತು ಪರದೆ.

ಆಕೆ ಡಬ್ಬಿ ಮುಚ್ಚಿ ಎದ್ದು, ನೇರ ಮೇಸ್ತ್ರಿಯ ಬಳಿ ಹೋದರು.

“ಪ್ಯಾಕಿಂಗ್ ಅಂತ ಬರೀಬೇಡಿ. ನನ್ನ ಕಣ್ಣು ಅಂತ ಬರೀರಿ.”

ಮೇಸ್ತ್ರಿ ಪೆನ್ನು ಕೆಳಗಿಟ್ಟರು. “ಎಷ್ಟು ದಿನದಿಂದ ಹೀಗೆ?”

“ಅದೇ ಗೊತ್ತಿಲ್ಲ.”

ಗೋದಾಮಿನಲ್ಲಿ ಆಕೆ ಪಾಸು ಮಾಡಿದ ಥಾನುಗಳ ರಾಶಿ ಸೂರು ಮುಟ್ಟಿತ್ತು. ಮೊದಲನೆಯದನ್ನು ಬಿಚ್ಚಿಸಿದರು. ಎರಡೂ ಕಣ್ಣು ಮುಚ್ಚಿ, ಬಟ್ಟೆಯ ಮೇಲೆ ಅಂಗೈ ಆಡಿಸುತ್ತ ಹೋದರು.

ಮೂರನೆಯ ಮಡಿಕೆಯಲ್ಲಿ ಕೈ ನಿಂತಿತು.