ಮೇಪಲ್ ಕೊಂಬೆಯ ಗಾಯ

ಹಿರಸಾವಾ ಕಿಚಿಜಿ ಮೂವತ್ತೆಂಟು ವರ್ಷ ನಮ್ಮೂರ ರಸ್ತೆಗಳಿಂದ ಹಿಮ ತಳ್ಳುವ ಗಾಡಿ ಓಡಿಸಿದವರು. ನಿವೃತ್ತಿಯಾದ ಮೇಲೆ ಕ್ಯಾಮರಾ ಹಿಡಿದರು. ಉತ್ತರ ಜಪಾನಿನ ಈ ಹೊಕ್ಕೈಡೊದಲ್ಲಿ ಕ್ಯಾಮರಾ ಹಿಡಿದವರೆಲ್ಲ ಕೊನೆಗೆ ಶಿಮಾಎನಾಗಾ ಹಕ್ಕಿಯ ಬೆನ್ನು ಬೀಳುತ್ತಾರೆ. ಉದ್ದ ಬಾಲದ ಹತ್ತಿಯುಂಡೆ ಅದು, ಕೂತಲ್ಲಿ ಕೂರುವುದಿಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ, ಮುರಿದ ಮೇಪಲ್ ಕೊಂಬೆಯಿಂದ ಸಿಹಿ ರಸ ಒಸರಿ ಮಂಜಿನ ಕಡ್ಡಿಯಾಗಿ ಜೋತುಬೀಳುತ್ತದೆ. ಹಕ್ಕಿ ರೆಕ್ಕೆ ಬಡಿಯುತ್ತ ಗಾಳಿಯಲ್ಲೇ ನಿಂತು ಆ ಕಡ್ಡಿ ಚೀಪುವ ಒಂದೇ ಒಂದು ಚಿತ್ರಕ್ಕಾಗಿ ಅವರು ಹನ್ನೊಂದು ಚಳಿಗಾಲ ಕಾದಿದ್ದರು.

ಆಗ ಅವರಿಗೆ ಎಂಬತ್ತೊಂದು. ಮಾರ್ಚ್ ಕೊನೆಗೆ ಡ್ರೈವಿಂಗ್ ಲೈಸೆನ್ಸ್ ಹಿಂತಿರುಗಿಸುವುದಾಗಿ ಮಗಳಿಗೆ ಮಾತು ಕೊಟ್ಟಿದ್ದರು. ಕಾರಿಲ್ಲದೆ ಆ ಕಾಡು ತಲುಪುವ ದಾರಿಯಿಲ್ಲ. ಉಳಿದದ್ದು ಒಂದೇ ವಾರ. ಮರದಲ್ಲಿ ಕಡ್ಡಿಯೇ ಇಲ್ಲ.

ಹಕ್ಕಿ ಚಿತ್ರ ತೆಗೆಯುವ ನಮ್ಮೆಲ್ಲರಿಗೂ, ಮರಕ್ಕೆ ಗಾಯ ಮಾಡಬಾರದೆಂಬ ಕಟ್ಟುಪಾಡು ತಂದವರೇ ಅವರು. ಐದು ವರ್ಷದ ಹಿಂದೆ ಮೀನಂಗಡಿಯ ಒನೊದೆರಾ ತೊಗಟೆ ಕೆತ್ತಿ ಚಿತ್ರ ತೆಗೆದಾಗ, ಅವನನ್ನು ಎಲ್ಲರೆದುರು ನಿಲ್ಲಿಸಿ ಆ ಚಿತ್ರ ಅಳಿಸಿಹಾಕಿಸಿದ್ದರು. ಅಂಥವರು ಒಂದು ಮಧ್ಯಾಹ್ನ ಚಾಕು ಹಿಡಿದು ಮೇಪಲ್ ಕೊಂಬೆ ಕಡಿಯುತ್ತಿದ್ದುದನ್ನು ಇಸ್ತ್ರಿ ಅಂಗಡಿಯವಳಾದ ನಾನು ಕಂಡೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನನಗೆ ಸಿಟ್ಟು ಬಂತು. ಆದರೂ ಕೂಗಲಿಲ್ಲ, ಸುಮ್ಮನೆ ಹಿಂದೆ ಸರಿದೆ.

ಮರುದಿನ ಬೆಳಿಗ್ಗೆ ಮೈನಸ್ ಹದಿನಾಲ್ಕು, ಸಣ್ಣಗೆ ಹಿಮ. ಮರದ ಕೆಳಗೆ ಇದ್ದವರು ಮೂವರೇ: ಹಿರಸಾವಾ, ನಾನು, ಮತ್ತು ಯಾರು ಬರಬಾರದಿತ್ತೋ ಆ ಒನೊದೆರಾ. ಬೆರಳುದ್ದದ ಕಡ್ಡಿ ಹೊಳೆಯುತ್ತಿತ್ತು. ಚಳಿಗೆ ಇಳಿದುಹೋಗದಿರಲೆಂದು ಕಂಕುಳಲ್ಲಿ ಬೆಚ್ಚಗಿಟ್ಟಿದ್ದ ಬ್ಯಾಟರಿಯನ್ನು ಹಿರಸಾವಾ ತೆಗೆದು ಕ್ಯಾಮರಾಗೆ ಹಾಕಿದರು. ಇವತ್ತು ಹಕ್ಕಿ ಬಾರದಿರಲಿ ಎಂದು ನಾನು ಬೇಡಿಕೊಂಡೆ.

ಬಂತು. ಗುಂಪಿನಿಂದ ಒಂದು ಹಕ್ಕಿ ಬೇರೆಯಾಗಿ, ಕಡ್ಡಿಯ ಕೆಳಗೆ ರೆಕ್ಕೆ ಬಿಚ್ಚಿ ನಿಂತಿತು. ಮೂರೂ ಕ್ಯಾಮರಾ ಸದ್ದು ಮಾಡಿದವು. ಒನೊದೆರಾ ಕಣ್ಣು ಲೆನ್ಸಿನಿಂದ ಎತ್ತಿ ಕೊಂಬೆಯ ತುದಿಯನ್ನು ನೋಡಿದ. ಅವನು ಒಂದು ಮಾತಾಡಿದ್ದರೆ ಹಕ್ಕಿ ಹಾರಿಹೋಗುತ್ತಿತ್ತು.

ಹಕ್ಕಿಗಳ ಗುಂಪು ಮುಂದಿನ ಮರಕ್ಕೆ ಹೋದ ಮೇಲೆಯೇ ಅವನು ಬಾಯಿ ಬಿಟ್ಟ. "ಗಾಳಿಗೆ ಮುರಿದಿದ್ರೆ ಸೀಳಿರ್ತಿತ್ತು. ಇದನ್ನ ಯಾರೋ ಓರೆಯಾಗಿ ಕೊಯ್ದಿದಾರೆ."

ಹಿಮದ ಭಾರಕ್ಕೆ ಮುರಿದಿರಬೇಕು ಎಂಬ ಸುಳ್ಳು ನನ್ನ ನಾಲಿಗೆಯ ತುದಿಗೆ ಬಂದಿತ್ತು.

"ನಾನೇ ಕಡಿದದ್ದು," ಎಂದರು ಹಿರಸಾವಾ. ಕ್ಯಾಮರಾವನ್ನು ಅವನ ಕಡೆ ಚಾಚಿದರು. "ಅವತ್ತು ನಿನಗೆ ಮಾಡಿಸಿದ್ದನ್ನ ಇವತ್ತು ನನಗೂ ಮಾಡು."

ಒನೊದೆರಾ ಬಹಳ ಹೊತ್ತು ಆ ಚಿತ್ರ ನೋಡಿದ. ನಾನೂ ಇಣುಕಿದೆ. ಹಕ್ಕಿಯ ನಾಲಿಗೆ ಮಂಜಿಗೆ ತಾಗಿತ್ತು, ರೆಕ್ಕೆಯ ಒಂದೊಂದು ಗರಿಯೂ ಎಣಿಸುವಂತಿತ್ತು. ಕಿತ್ತುಕೊಂಡು ಓಡೋಣವೆನಿಸಿತು. ಅವನು ಕೈಗವಸು ಕಳಚಿ ಗುಂಡಿ ಒತ್ತಿದ. ತನ್ನದನ್ನೂ ಅಳಿಸಿದ. ಆಮೇಲೆ ನನ್ನ ಕಡೆ ನೋಡಿದ, ನಾನೂ ಅಳಿಸಿದೆ.

ಹಿರಸಾವಾ ಕಾರಿನಲ್ಲಿ ಕೂತರು, ಆದರೆ ಹೊರಡಲಿಲ್ಲ. ಹನ್ನೊಂದು ವರ್ಷ ಆ ಒಂದು ಗುಂಡಿಯಲ್ಲಿ ಮುಗಿದಿತ್ತು. ಒನೊದೆರಾ ಹೋಗಿ ಗಾಜು ತಟ್ಟಿದ.

"ಬರೋ ವರ್ಷ ಫೆಬ್ರವರೀಲಿ ಬೆಳಿಗ್ಗೆ ಐದೂವರೆಗೆ ಬಾಗಿಲಲ್ಲಿ ನಿಂತಿರಿ, ಕರ್ಕೊಂಡು ಬರ್ತೀನಿ. ನನ್ನ ಗಾಡಿ ಮೀನು ನಾರುತ್ತೆ, ಸಹಿಸ್ಕೊಳ್ಳಿ. ಚಾಕು ಮಾತ್ರ ಮನೇಲಿಟ್ಟು ಬನ್ನಿ."

ಹಿರಸಾವಾ ಜೇಬಿನಿಂದ ಚಾಕು ತೆಗೆದು, ಹಿಡಿಯನ್ನು ಅವನ ಕಡೆ ಮಾಡಿ ಕೊಟ್ಟರು.