ಕಾಲರು ತಿರುವುತ್ತಿದ್ದ ದರ್ಜಿ

ಅಮೀರ್‌ಪೇಟೆಯ ಆ ದರ್ಜಿ ಗಿರಾಕಿಯನ್ನು ನೋಡಲು ತಲೆ ಎತ್ತುತ್ತಿರಲಿಲ್ಲ. ಹುಬ್ಬೇರಿಸಿ ಕಣ್ಣಷ್ಟನ್ನೇ ಎತ್ತುತ್ತಿದ್ದರು. ರಾಯಚೂರಿನ ಕಡೆಯವರು. ಮೇಲಿನ ಮೂರು ಅಂತಸ್ತಿನಲ್ಲೂ ಕಂಪ್ಯೂಟರ್ ತರಗತಿಗಳು. ಕೆಳಗೆ, ಮೆಟ್ಟಿಲಿನಡಿಯ ಗೂಡಿನಂಥ ಅಂಗಡಿಯಲ್ಲಿ, ಸಂದರ್ಶನಕ್ಕೆ ಹೊರಟವರ ಸಿದ್ಧ ಪ್ಯಾಂಟುಗಳನ್ನು ಅವರು ಗಿಡ್ಡ ಮಾಡುತ್ತಿದ್ದರು.

ನಾನಾಗ ಹಳೆಯ ದಫ್ತರಗಳ ಕಾಲಾನುಕ್ರಮ ಸೂಚಿಯೊಂದನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೆ. ಹನ್ನೊಂದು ವರ್ಷಗಳ ಕೆಲಸ. ಪರದೆಯ ಮುಂದೆ ಒಂದು ಗಂಟೆ ಕೂತರೆ ಹಿಂದಲೆಯಿಂದ ನೋವೆದ್ದು ಬಲಗಣ್ಣಿನ ಹಿಂದೆ ಬಂದು ನಿಲ್ಲುತ್ತಿತ್ತು. ಕನ್ನಡಕ ಎರಡು ಸಲ ಬದಲಾಯಿತು. ತಲೆಯ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಎದ್ದರೆ ಸೂಚಿ ಅರ್ಧಕ್ಕೇ ನಿಲ್ಲುತ್ತದೆ, ಕೂತರೆ ತಲೆ ಸಿಡಿಯುತ್ತದೆ. ಕೊನೆಗೆ ಕೆಲಸ ಬಿಡುವ ಪತ್ರ ಬರೆದೆ. ಅದೇ ದಿನ ದರ್ಜಿಯ ಬಳಿ ಹೋದೆನೆಂದು ನೆನಪು ಹೇಳುತ್ತದೆ. ದಿನಚರಿ ತಿದ್ದುತ್ತದೆ: ಪತ್ರ ಶುಕ್ರವಾರದ್ದು, ಭೇಟಿ ಶನಿವಾರದ್ದು.

ಸವೆದ ಕಾಲರು ಬಿಚ್ಚಿಸಿ, ಒಳಮೈ ಹೊರಬರುವಂತೆ ತಿರುವಿ ಹೊಲಿಸುವುದು ನನ್ನ ರೂಢಿ. ಅವರು ನನ್ನ ನಾಲ್ಕೂ ಅಂಗಿಗಳನ್ನು ಹರಡಿ ನೋಡಿದರು.

“ಸಾಹೇಬ್ರ, ಮಂದಿ ಕಾಲರು ಬಾಜೂಕ ಸವಿತಾವ. ನಿಮ್ಮವು ನಟ್ಟನಡು ಹಿಂದ ಸವದಾವ. ದಿನಾ ಮುಗಿಲು ನೋಡ್ತೀರೇನು?”

“ಕಂಪ್ಯೂಟರ್ ನೋಡ್ತೀನಿ.”

“ಹ್ಯಾಂಗ? ತೋರಸ್ರಿ.”

ತೋರಿಸಿದೆ. ಕನ್ನಡಕದ ಕೆಳಭಾಗದ ಓದುವ ಗಾಜಿನಿಂದ ಪರದೆ ಕಾಣಲೆಂದು ನಾನು ಗದ್ದವೆತ್ತಿ, ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸಿ ಕೂರುತ್ತಿದ್ದೆ. ಅವರು ಹೆಬ್ಬೆರಳಿನಿಂದ ತಲೆಬುರುಡೆಯ ಬುಡವನ್ನು ಒತ್ತಿದರು. ಬಲಗಣ್ಣಿನ ಹಿಂದೆ ಅದೇ ನೋವು ಚಳಕ್ಕೆಂದಿತು.

“ತಲಿ ತಪ್ಪೇನಿಲ್ರಿ ಇದರಾಗ. ಬ್ಯಾನಿ ಕುತ್ತಿಗ್ಯಾಗ ಹುಟ್ಟಿ ಕಣ್ಣಾಗ ಬಂದು ಕುಂದ್ರತೈತಿ. ನನಗ ಭಾಳ ವರ್ಷದ ಗುರುತು ಅದು. ಪರದಿ ಕೆಳಗ ಇಳಸ್ರಿ.”

ವೈದ್ಯರು ಅನಂತರ ಅದನ್ನೇ ದೃಢಪಡಿಸಿದರು. ಪರದೆ ತಗ್ಗಿಸಿದೆ, ಬೇರೆ ಕನ್ನಡಕ ಮಾಡಿಸಿದೆ, ಕುತ್ತಿಗೆಯ ವ್ಯಾಯಾಮ ಕಲಿತೆ. ಮೂರು ತಿಂಗಳಲ್ಲಿ ನೋವು ಇಳಿಯಿತು. ಪತ್ರವನ್ನು ಕಳಿಸಲೇ ಇಲ್ಲ.

ಕೃತಜ್ಞತೆ ಹೇಳಲು ಹೋದಾಗ, ನೀವೂ ಹೀಗೆ ಏನಾದರೂ ಮಾಡಬಾರದೇ ಎಂದು ಕೇಳಿದೆ. ಅಷ್ಟರಲ್ಲಿ ಅವರ ಕುತ್ತಿಗೆಯ ನೋವು ತೋಳಿಗಿಳಿದು ಬಲಗೈ ಬೆರಳುಗಳು ಜೋಮು ಹಿಡಿಯುತ್ತಿದ್ದವು.

“ನಿಮ್ಮ ಪರದಿ ಎಲ್ಲಿಟ್ಟರೂ ನಡೀತೈತ್ರಿ. ಸೂಜಿ ಕೆಳಗ ಹೊಕ್ಕೈತಿ, ನನಗ ಮ್ಯಾಲ ನೋಡಾಕ ಬರತೈತೇನು?”

ಯಂತ್ರವನ್ನಾದರೂ ಎತ್ತರಿಸೋಣವೆಂದರೆ, ಅವರ ಬಾಗಿದ ನೆತ್ತಿಯ ಮೇಲೆ ಗೇಣು ದೂರದಲ್ಲೇ ಮೆಟ್ಟಿಲಿನ ಓರೆ ತಳ; ನೆಟ್ಟಗೆ ಕೂತರೆ ತಲೆ ತಾಗುತ್ತಿತ್ತು.

ಎರಡು ವರ್ಷಗಳ ಬಳಿಕ ಕತ್ತರಿ ಹಿಡಿಯಲಾರದೆ ಅಂಗಡಿ ಮುಚ್ಚಿ ಊರಿಗೆ ಹೋದರು, ಅಲ್ಲೇ ತೀರಿಕೊಂಡರು. ಅವರ ತಮ್ಮ ತಿಳಿಸಿದ ಸಾವಿನ ದಿನವನ್ನು ದಿನಚರಿಯೊಡನೆ ತಾಳೆ ನೋಡಿದೆ. ಅಂದು ನಾನು ಬೆಳಗಿನಿಂದ ಸಂಜೆಯವರೆಗೆ ಕೂತು ಸೂಚಿಯ ಕೊನೆಯ ಕರಡು ತಿದ್ದಿದ್ದೇನೆ. ತಲೆನೋವಿನ ಉಲ್ಲೇಖವಿಲ್ಲ.